ಪಾವಿಯಾದಲ್ಲಿ ಒಂದು ಮಧ್ಯಾಹ್ನ

ಮಿಲಾನ್‌ನಿಂದ ಪಾವಿಯಾಗೆ ಲೋಕಲ್ ರೈಲಿನಲ್ಲಿ ಸುಮಾರು ಅರ್ಧ ಗಂಟೆ ಸಾಕು. ನಮಗೆ ಒಂದೂವರೆ ಗಂಟೆ ಹಿಡಿಯಿತು. ಬೋರ್ಡಿನಲ್ಲಿ 'ಪಾವಿಯಾ' ಅಂತ ಕಂಡಿದ್ದೇ ತಡ ನಾನು ಇಳಿದುಬಿಟ್ಟೆ, ಹಿಂದೆಯೇ ಗೆಳೆಯನೂ ಇಳಿದ. ರೈಲು ಹೋದ ಮೇಲೆ ನೋಡಿದರೆ ಅದು 'ಚೆರ್ತೋಸಾ ದಿ ಪಾವಿಯಾ', ಊರಿಗಿಂತ ಒಂದು ಸ್ಟೇಷನ್ ಮುಂಚೆ! "ಪೂರ್ತಿ ಓದೋದು ಯಾವಾಗ ಕಲೀತೀಯೋ?" ಅಂದ.

ನಾವು ಹೊರಟಿದ್ದು ಕ್ರೈಸ್ತ ಚಿಂತಕ ಸಂತ ಅಗಸ್ಟೀನ್‌ನ ಸಮಾಧಿ ನೋಡೋಕೆ. ಅದು ಇರುವ ಸಾನ್ ಪಿಯೆತ್ರೊ ಇನ್ ಚೆಲ್ ದೋರೊ ಚರ್ಚಿಗೆ ಬರುವಷ್ಟರಲ್ಲಿ ಮಧ್ಯಾಹ್ನ, ಬಾಗಿಲು ಹಾಕಿತ್ತು. 'ಚೆಲ್ ದೋರೊ' ಅಂದರೆ ಬಂಗಾರದ ಬಾನು, ಹೊರಗೆ ಬರೀ ಕೆಂಪು ಇಟ್ಟಿಗೆ. ಸುಮ್ನೆ ಮೆಟ್ಟಿಲ ಮೇಲೆ ಕೂತೆವು.

ಹಿಂದಿನ ದಿನವೇ ಮಿಲಾನ್ ಕೆಥೆಡ್ರಲ್ ಕೆಳಗೆ ಎಂಟು ಮೂಲೆಯ ಹಳೇ ಕೊಳದ ಕಲ್ಲುಗಳನ್ನು ನೋಡಿದ್ದೆವು. 387ರಲ್ಲಿ ಅಗಸ್ಟೀನ್‌ಗೆ ಮಿಲಾನ್‌ನ ಬಿಷಪ್ ಅಂಬ್ರೋಸ್ ದೀಕ್ಷಾಸ್ನಾನ ಕೊಟ್ಟಿದ್ದು ಅಲ್ಲೇ ಅಂತಾರೆ. ಅಗಸ್ಟೀನ್ ಸತ್ತಿದ್ದು 430ರಲ್ಲಿ, ಈಗಿನ ಅಲ್ಜೀರಿಯಾದ ಹಿಪ್ಪೋದಲ್ಲಿ, ವ್ಯಾಂಡಲ್ ಬುಡಕಟ್ಟಿನವರು ಊರಿಗೆ ಮುತ್ತಿಗೆ ಹಾಕಿದ್ದಾಗ. ಮೂಳೆಗಳು ಸಾರ್ಡೀನಿಯಾಗೆ ಹೋದವು, ಅಲ್ಲಿಂದ 8ನೇ ಶತಮಾನದಲ್ಲಿ ಲೊಂಬಾರ್ಡ್ ದೊರೆ ಲಿಯುತ್‌ಪ್ರಾಂಡ್ ದುಡ್ಡು ಕೊಟ್ಟು ಇಲ್ಲಿಗೆ ತರಿಸಿಕೊಂಡನಂತೆ. ಆಮೇಲೆ ಎಲ್ಲಿಟ್ಟಿದ್ದಾರೆ ಅನ್ನೋದೇ ಮರೆತುಹೋಗಿ, 1695ರಲ್ಲಿ ಕೆಲಸಗಾರರಿಗೆ ಸಿಕ್ಕಿ, ಅವು ಅವನವೇ ಹೌದೋ ಅಲ್ಲವೋ ಅಂತ 1728ರವರೆಗೆ ಜಗಳ ನಡೆಯಿತು.

ಕೊನೆಗೂ ಬಾಗಿಲು ತೆರೆಯಿತು. ಒಳಗೆ 14ನೇ ಶತಮಾನದ ಬಿಳಿ ಅಮೃತಶಿಲೆಯ ಸಮಾಧಿ, 90ಕ್ಕೂ ಜಾಸ್ತಿ ಪುಟ್ಟ ಮೂರ್ತಿಗಳು. ನಡುವೆ ಅಗಸ್ಟೀನ್ ಮಲಗಿದ್ದಾನೆ, ಸುತ್ತ ನಿಂತವರು ಹೊದಿಕೆಯ ಅಂಚು ಹಿಡಿದಿದ್ದಾರೆ. ಕಲ್ಲಿನ ಬಟ್ಟೆ ಅಂತ ನಂಬೋಕೇ ಆಗಲ್ಲ, ಮಡಿಕೆ ಮಡಿಕೆಯಾಗಿ ಇಳಿದಿದೆ.

"ಇವನು ಬರೆದಿದ್ದನ್ನೆಲ್ಲ ಯಾರಪ್ಪ ಓದ್ತಿದ್ರು?" ಅಂದ ಗೆಳೆಯ. ಪೂರ್ತಿ ಓದಿದವರು ಕಮ್ಮಿ. ಪುಸ್ತಕ ಅಂದರೆ ಆಗ ಚರ್ಮದ ಹಾಳೆ, ಕೈಬರಹ, ಭಾರೀ ಖರ್ಚು. ಹಾಗಾಗಿ ತುಣುಕುಗಳೇ ಓಡಾಡಿದವು. 12ನೇ ಶತಮಾನದಲ್ಲಿ ಫ್ರಾನ್ಸಿನ ತತ್ವಜ್ಞಾನಿ ಅಬೆಲಾರ್ಡ್ 158 ಪ್ರಶ್ನೆ ಇಟ್ಟುಕೊಂಡು, ಚರ್ಚಿನ ಹಿರಿಯರು ಒಬ್ಬರಿಗೊಬ್ಬರು ವಿರುದ್ಧ ಆಡಿದ ಮಾತುಗಳನ್ನು ಅಕ್ಕಪಕ್ಕ ಜೋಡಿಸಿ, ತೀರ್ಪು ಕೊಡದೆ ಬಿಟ್ಟುಬಿಟ್ಟ. ತುಂಟತನವೇ ಅದು. ಇದೇ ಸೀಮೆಯ ನೊವಾರಾ ಕಡೆಯ ಪೀಟರ್ ಲೊಂಬಾರ್ಡ್ ಮಾತ್ರ ಒಳ್ಳೇ ಮೇಷ್ಟ್ರ ಹಾಗೆ ತುಣುಕುಗಳನ್ನು ವಿಷಯವಾರು ಹೊಲಿದು ನಾಲ್ಕು ಭಾಗದ ಪಠ್ಯ ಮಾಡಿದ. ಅದರಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅಗಸ್ಟೀನನದೇ. ಕಲಿಕೆಯೆಲ್ಲ ವಸ್ತುಗಳ ಬಗ್ಗೆ ಇಲ್ಲವೇ ಗುರುತುಗಳ ಬಗ್ಗೆ ಅನ್ನೋ ಅವನ ಮಾತಿನಿಂದಲೇ ಪಾಠ ಶುರು. 13ನೇ ಶತಮಾನದ ದೊಡ್ಡ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವೀನಾಸ್ ಕೂಡ ಪ್ಯಾರಿಸ್‌ನಲ್ಲಿ ಮೊದಲು ಇದಕ್ಕೇ ಭಾಷ್ಯ ಬರೆದ. ನನಗೇನೋ ಅಬೆಲಾರ್ಡೇ ಇಷ್ಟ.

ಕೆಳಗಿನ ನೆಲಮಾಳಿಗೆಯಲ್ಲಿ ತಂಪು. ಅಲ್ಲಿ ರೋಮನ್ ತತ್ವಜ್ಞಾನಿ ಬೊಯೆಥಿಯಸ್‌ನ ಸಮಾಧಿ ಇದೆ, 6ನೇ ಶತಮಾನದಲ್ಲಿ ರಾಜದ್ರೋಹದ ಆರೋಪ ಹೊತ್ತು ಮರಣದಂಡನೆಗೆ ಗುರಿಯಾದವನು. 'ವಿವೇಕದ ಸ್ವಭಾವ ಇರುವ ಬಿಡಿ ಅಸ್ತಿತ್ವವೇ ವ್ಯಕ್ತಿ' ಅಂತ ಇವನು ಬರೆದ ಒಂದು ಸಾಲೇ ಮುಂದಿನವರಿಗೆ ಸಾಕಾಯಿತು. ದೇವರು ಒಬ್ಬನೇ, ಆದರೆ ವ್ಯಕ್ತಿಗಳು ಮೂವರು (ತಂದೆ, ಮಗ, ಪವಿತ್ರಾತ್ಮ) ಹೇಗೆ ಅಂತ ವಾದ ಎದ್ದಾಗಲೆಲ್ಲ ಅಕ್ವೀನಾಸ್‌ನಂಥವರು ಆ ಸಾಲನ್ನೇ ಹಿಡಿದು ಜಗ್ಗಿದರು.

ಮೇಲೆ ಬಂದಾಗ ಸಂಜೆಯ ಬಲಿಪೂಜೆ (ಚರ್ಚಿನ 'ಮಾಸ್') ನಡೀತಿತ್ತು. ನಾಲ್ಕೈದು ಅಜ್ಜಿಯರು ಕೂತಿದ್ದರು. ಪಾದ್ರಿ ಓದಿದ್ದರಲ್ಲಿ ನನ್ನ ಕಿವಿಗೆ ಸಿಕ್ಕಿದ್ದು 'ಅಗೊಸ್ತೀನೊ' ಅನ್ನೋ ಒಂದು ಹೆಸರು ಮಾತ್ರ.