ನೋಟ್ ಎಲ್ಲಿ ಕೂಡಬೇಕು?

ಕಲಬುರಗಿ ಬಿಸಿಲಿಗಿ ಅಂಜಿ ಕೂಲರ್ ಮುಂದ ಕುಂತು ವೆಬ್ ಪೇಜ್ ಮ್ಯಾಲ ನೋಟ್ ಹಚ್ಚೋ ಸಣ್ಣ ಬ್ರೌಸರ್ ಎಕ್ಸ್‌ಟೆನ್ಶನ್ ಬರೀಲಿಕತ್ತೀನಿ. ಹಳದಿ ಬಣ್ಣ ಬಳಿಯೋದು ಸಸಾರ, ನಾಳಿ ಪೇಜ್ ಬದಲಾದ್ರ ಆ ನೋಟ್ ಎಲ್ಲಿ ಕೂಡಬೇಕು ಅನ್ನೋದೇ ತಲಿನೋವು ನೋಡ್ರಿ. ವೆಬ್‌ಗಿ ಸ್ಟ್ಯಾಂಡರ್ಡ್ ಮಾಡೋ ಸಂಸ್ಥಾ ಡಬ್ಲ್ಯೂ3ಸಿದವ್ರು 2017ರಾಗ ತಂದ ಸ್ಟ್ಯಾಂಡರ್ಡ್‌ನಾಗ ಒಂದು ಛಲೋ ದಾರಿ ಅದ, ಎಷ್ಟನೇ ಅಕ್ಷರ ಅಂತ ಬರ್ದಿಡೋದು ಬಿಟ್ಟು ಆರಿಸಿದ ಮಾತು, ಅದರ ಹಿಂದ ಮುಂದಿಂದು ಸ್ವಲ್ಪ ಭೀ ಇಟ್ಕೊಳ್ಳೋದು, ನಮ್ ಕಡಿ ಮನಿ ನಂಬರ್ ಹೇಳದೇ 'ಗುಡಿ ಬಾಜೂಕ, ಗಿರಣಿ ಎದುರಿಗಿ' ಅಂತಾರಲ್ಲ ಹಂಗ. ಪ್ರೋಗ್ರಾಂ ಕೋಡ್‌ಗಿ ನೋಟ್ ಹಚ್ಚಿದ್ರಂತೂ, ಮ್ಯಾಲ ಒಂದ್ ಸಾಲ್ ಸೇರಿಸಿದ್ರ ಕೆಳಗಿನ ಸಾಲಿನ ನಂಬರೆಲ್ಲ ಜರಗತಾವ, ಕೋಡ್ ಆ ಹೊತ್ತಿಗಿ ಹೆಂಗಿತ್ತೋ ಹಂಗ ಉಳಿಸಿಡೋ ಗಿಟ್ ಕಮಿಟ್‌ಗಿ ಕಟ್ಟಿದ್ರ ನೋಟ್ ಗಟ್ಟಿ ನಿಲ್ತದ ಖರೆ, ಆದ್ರ ಹೊಸ ಕೋಡಿಗಿ ತಾನಾಗೇ ಬರಂಗಿಲ್ಲ. ಮಾತೇ ಸಿಗಲಿಲ್ಲಂದ್ರ ಸದ್ಯಕ್ಕ ಬಾಜೂಕ 'ಅನಾಥ' ಅಂತ ತೋರಸ್ತೀನಿ, ಅಳಿಸಿಬಿಡೋದು ನನಗಂತೂ ಸೇರಂಗಿಲ್ಲಪ್ಪ.