ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ನಾನ್‌ಸ್ಟಾಪ್ ಹೋಗೋರು ಟೈಮ್ ಲೆಕ್ಕ ಹೀಗೆ ಹಾಕಿ

ಜೂನಲ್ಲಿ ಅಮ್ಮನ್ನ ಕರ್ಕೊಂಡು ಸಿಂಗಾಪುರದ ಚಾಂಗಿ ಏರ್‌ಪೋರ್ಟಿಂದ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿಗೆ ಎಲ್ಲೂ ಇಳೀದೆ ಒಂದೇ ಫ್ಲೈಟಲ್ಲಿ ಹೋಗ್ಬಂದ್ವಿ. ನೇರ ದೂರ ಸುಮಾರು 15,300 ಕಿಮೀ. 900 ಸ್ಪೀಡ್ ಅಂತ ಭಾಗಿಸಿ 17 ಗಂಟೆ ಅಂದ್ಕೊಂಡಿದ್ದೆ, ಟಿಕೆಟ್ಟಲ್ಲಿ ಹದಿನೆಂಟೂವರೆಗಿಂತ ಜಾಸ್ತಿ ಇತ್ತು. ಯಾಕಂದ್ರೆ ಈ ಎರಡು ಊರು ಭೂಮಿಯ ಹೆಚ್ಚುಕಮ್ಮಿ ಎದುರುಬದುರು ರೇಖಾಂಶದಲ್ಲಿವೆ, ಹತ್ತಿರದ ದಾರಿ ಉತ್ತರ ಧ್ರುವದ ಮೇಲೇ ಹೋಗತ್ತೆ, ಆದ್ರೆ ವಿಮಾನ ಗಾಳಿ ನೋಡ್ಕೊಂಡು ಹೋಗೋದು, ನಮ್ದು ಜಪಾನ್ ಪಕ್ಕದಿಂದ ಪೆಸಿಫಿಕ್ ದಾಟಿ ಸುತ್ತಿ ಹೋಯ್ತು. ಹಿಂದಿಂದ ಜೆಟ್ ಸ್ಟ್ರೀಮ್ (ತುಂಬ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸೋ ಗಾಳಿ) ತಳ್ಳೋದ್ರಿಂದ ದೂರ ಜಾಸ್ತಿ ಆದ್ರೂ ಅದೇ ಲಾಭ.

ಗಡಿಯಾರದ ವಿಷ್ಯ ಮಾತ್ರ ಸರಿಯಾಗಿ ನೋಡ್ಕೊಳ್ಳಿ. ಅಮೆರಿಕದ ಬೇಸಿಗೆ ಟೈಮಲ್ಲಿ ನ್ಯೂಯಾರ್ಕ್ ಸಿಂಗಾಪುರಕ್ಕಿಂತ ಸರಿಯಾಗಿ 12 ಗಂಟೆ ಹಿಂದೆ, ನವೆಂಬರಿಂದ ಮಾರ್ಚ್ ತನಕ 13. ನಾವು ರಾತ್ರಿ ಹನ್ನೊಂದೂವರೆಗೆ ಹೊರಟು ಮಾರನೇ ದಿನ ಬೆಳಿಗ್ಗೆ ಆರಕ್ಕೆ ಇಳಿದ್ವಿ, ನೋಡಿದ್ರೆ ಬರೀ ಆರೂವರೆ ಗಂಟೆ ಪ್ರಯಾಣದ ಥರ ಕಾಣತ್ತೆ! ನಾನು ಅವತ್ತಿಂದ್ಲೇ ಹೋಟೆಲ್ ಬುಕ್ ಮಾಡಿದ್ದೆ, ರೂಮ್ ಕೊಟ್ಟಿದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟೊತ್ತೂ ಅಮ್ಮ ಲಾಬೀಲಿ ಕೂತಿದ್ರು, ಪಾಪ ಕಾಲು ಊದ್ಕೊಂಡಿತ್ತು, ನಂಗೆ ನೋಡಕ್ಕಾಗ್ಲಿಲ್ಲ. ದೊಡ್ಡವರು ಜೊತೆಗಿದ್ರೆ ದಯವಿಟ್ಟು ಹಿಂದಿನ ರಾತ್ರಿದೂ ಸೇರಿಸಿ ಬುಕ್ ಮಾಡಿ, ಬೆಳಿಗ್ಗೆ ಬರ್ತೀವಿ ಅಂತ ಮೊದ್ಲೇ ಹೇಳ್ಬಿಡಿ.

ಈ ರೂಟಲ್ಲಿ ಸಿಂಗಾಪುರ ಏರ್‌ಲೈನ್ಸ್‌ದು ಎ350-900 ಯುಎಲ್‌ಆರ್ (ಅತಿ ದೂರ ಹಾರೋಕೆ ಮಾಡಿರೋ ಮಾದರಿ) ವಿಮಾನ, ಒಟ್ಟು 161 ಸೀಟು, 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ, ಮಾಮೂಲಿ ಎಕಾನಮಿ ಇಲ್ವೇ ಇಲ್ಲ. ದುಡ್ಡು ಜಾಸ್ತಿ ಆಗತ್ತೆ, ಆದ್ರೆ ಮಧ್ಯದಲ್ಲಿ ಇಳಿದು ಟರ್ಮಿನಲ್ ಹುಡ್ಕೋ ಕಷ್ಟ ಇಲ್ಲ, ಅಮ್ಮನಿಗೋಸ್ಕರ ನಾನು ಮತ್ತೆ ಇದನ್ನೇ ತಗೋತೀನಿ. ನ್ಯೂಆರ್ಕ್‌ಗೂ ಬೇರೆ ಫ್ಲೈಟ್ ಇದೆ, ಹೆಸರು ಒಂದೇ ಥರ ಕೇಳತ್ತೆ, ಅದು ನ್ಯೂಜೆರ್ಸಿಲಿರೋದು, ಕರ್ಕೊಂಡು ಹೋಗಕ್ಕೆ ಬರೋರಿಗೆ ಸರಿಯಾಗಿ ಹೇಳಿ.

ಚಾಂಗಿಲಿ ನಮಗೆ ಸೆಕ್ಯುರಿಟಿ ಚೆಕ್ ಇದ್ದಿದ್ದು ಗೇಟ್ ಹತ್ರಾನೇ, ಒಳಗೆ ತಗೊಂಡ ನೀರಿನ ಬಾಟ್ಲೂ ಅಲ್ಲಿ ಖಾಲಿ ಮಾಡ್ಬೇಕಾಯ್ತು. ಖಾಲಿ ಬಾಟ್ಲು ಇಟ್ಕೊಂಡು ಒಳಗೆ ಕ್ರ್ಯೂ ಹತ್ರ ತುಂಬಿಸ್ಕೊಳ್ಳಿ, ಗಾಳಿ ತುಂಬ ಒಣ ಇರತ್ತೆ. ಎರಡು ಗಂಟೆಗೊಂದ್ಸಲ ಎದ್ದು ಓಡಾಡ್ಲೇಬೇಕು, ಕಂಪ್ರೆಷನ್ ಸಾಕ್ಸ್ (ಕಾಲನ್ನ ಬಿಗಿಯಾಗಿ ಹಿಡಿಯೋ ಕಾಲುಚೀಲ) ಬೇಕಾ ಅಂತ ಡಾಕ್ಟರನ್ನ ಕೇಳ್ಕೊಳ್ಳಿ, ನಾವು ಹೋಗೋವಾಗ ಹಾಕಿರ್ಲಿಲ್ಲ, ಬರೋವಾಗ ಹಾಕಿದ್ವಿ, ಊತ ಎಷ್ಟೋ ಕಮ್ಮಿ ಇತ್ತು. ಮಾತ್ರೆಗಳು ಕೈಚೀಲದಲ್ಲೇ ಇರ್ಲಿ, ಸಕ್ಕರೆ ಕಾಯಿಲೆ ಇರೋರು ಯಾವ ಊರಿನ ಟೈಮಿಗೆ ತಗೋಬೇಕು ಅಂತಾನೂ ಕೇಳಿಟ್ಕೊಳ್ಳಿ.

ಇನ್ನು ವಾಪಸ್ ಬರೋದು. ಶುಕ್ರವಾರ ರಾತ್ರಿ ಹತ್ತೂವರೆಗೆ ಜೆಎಫ್‌ಕೆ ಬಿಟ್ರೆ ಸಿಂಗಾಪುರ ತಲುಪೋದು ಭಾನುವಾರ ಬೆಳಗಿನ ಜಾವ, ಶನಿವಾರ ಪೂರ್ತಿ ಆಕಾಶದಲ್ಲೇ ಕಳ್ದೋಗತ್ತೆ. ಸೋಮವಾರದ ರಜೆನೂ ಈಗ್ಲೇ ಹಾಕಿಡಿ.