ನೀನು ಕಂಪನಿಯವರ ಕಡೆಯವಳಾ?

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪುವುದಿಲ್ಲ. ಜೈವಿಕ ತಂತ್ರಜ್ಞಾನ ಉದ್ಯಮದ ಪರವಾಗಿ ಸರ್ಕಾರಕ್ಕೆ ಅಹವಾಲು ಬರೆಯುವುದು ನನ್ನ ಕೆಲಸ ಎಂದರೆ ಸಾಕು, ಕೇಳಿದವರ ಕಣ್ಣಿಗೆ ನೋಟಿನ ಸೂಟ್‌ಕೇಸ್ ಕಾಣುತ್ತದೆ. ಕಳೆದ ಸಲ ಉಡುಪಿ ಬಳಿಯ ಕಟಪಾಡಿಯ ಮದುವೆಯೂಟದಲ್ಲಿ ಎಲೆಗೆ ಗುಳ್ಳದ, ಅಂದರೆ ನಮ್ಮ ಕಡೆಯ ಬದನೆಯ, ಹುಳಿ ಬೀಳುತ್ತಿದ್ದಾಗ ಪಕ್ಕದಲ್ಲಿದ್ದ ಮಾವ ನೇರವಾಗಿ ಕೇಳಿದರು: "ಈ ಗುಳ್ಳಕ್ಕೆ ಹುಳದ ಜೀನ್ ಸೇರಿಸಲು ಹೊರಟವರು ನಿಮ್ಮವರೇ ಅಲ್ಲವಾ ಮಾರಾಯ್ತಿ?"

ಹುಳದ್ದಲ್ಲ, ಹುಳವನ್ನು ಕೊಲ್ಲುವ ಮಣ್ಣಿನ ಬ್ಯಾಕ್ಟೀರಿಯಾದ್ದು ಎಂದೆ. ಉಳಿದಂತೆ ಮಾವನ ನೆನಪು ಸರಿಯಾಗಿಯೇ ಇತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಟಿ ಎಂಬ ಆ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ ತಳಿಗಳ ಪೈಕಿ ಉಡುಪಿ ಗುಳ್ಳವೂ ಇತ್ತು. 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಮಾತು ಕೇಳಿ, 2010ರ ಫೆಬ್ರುವರಿಯಲ್ಲಿ ಅದನ್ನು ತಡೆಹಿಡಿದರು. ಸ್ಥಳೀಯ ತಳಿಗಳನ್ನು ಬಳಸುವಾಗ ಜೀವವೈವಿಧ್ಯ ಕಾಯಿದೆಯನ್ನು ಪಾಲಿಸಿಲ್ಲ ಎಂಬ ದೂರೂ ಎದ್ದಿತು. ಕಟಪಾಡಿ ಬಳಿಯ ಮಟ್ಟು ಊರಿನಲ್ಲಿ ಬೆಳೆಯುವ ಈ ಗುಳ್ಳಕ್ಕೆ ಮರುವರ್ಷ ಮಟ್ಟುಗುಳ್ಳ ಎಂಬ ಹೆಸರಿನಲ್ಲಿ, ಆ ಊರಿನದೇ ಬೆಳೆಯೆಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಉದ್ಯಮ ಅಲ್ಲಿ ಸೋತದ್ದು ವಿಜ್ಞಾನದಲ್ಲಲ್ಲ ಎಂದು ನನ್ನ ಅಭಿಪ್ರಾಯ. ದೆಹಲಿಯ ಕಡತಕ್ಕೆ ಉತ್ತರ ಬರೆದವರು ಮಟ್ಟುವಿನ ಗದ್ದೆಯ ಅಂಚಿಗೆ ಬಂದು ಮಾತನಾಡಲಿಲ್ಲ.

ಹಾಗಾದರೆ ನಾನು ಮಾಡುವುದೇನು? ಬಹುಪಾಲು ಓದುವುದು. ರಾಜಪತ್ರದಲ್ಲಿ ಕರಡು ನಿಯಮ ಬರುತ್ತದೆ, ಆಕ್ಷೇಪಣೆಗೆ ಇಂತಿಷ್ಟು ದಿನ ಎಂದಿರುತ್ತದೆ. "ಸೂಕ್ತ ಕಾಲದಲ್ಲಿ ತೀರ್ಮಾನಿಸಲಾಗುವುದು" ಎಂದಿದ್ದರೆ, "90 ದಿನಗಳೊಳಗೆ" ಎಂದು ಬರೆಯಿರಿ ಎಂದು ಕೇಳುತ್ತೇನೆ. ಕೇಳಲು ಸಣ್ಣ ವಿಷಯ. ಆದರೆ ಒಂದೂವರೆ ವರ್ಷಕ್ಕಾಗುವಷ್ಟೇ ಹಣವಿರುವ ಪುಟ್ಟ ಕಂಪನಿ ಆ "ಸೂಕ್ತ ಕಾಲ"ಕ್ಕೆ ಕಾಯುತ್ತಲೇ ಬಾಗಿಲು ಮುಚ್ಚಬಹುದು.

ಇಂಥ ಬೇಡಿಕೆಗಳು ಫಲ ಕೊಡುವುದೂ ಇದೆ. ಹೊರಗಿನ ಜೀನ್ ಸೇರಿಸಿದ ಬೆಳೆಯನ್ನೂ, ಗಿಡದ ಸ್ವಂತ ಜೀನ್ ತಿದ್ದಿದ ಬೆಳೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದು ವಿಜ್ಞಾನಿಗಳೂ ಬೀಜ ಕಂಪನಿಗಳೂ ಬಹಳ ಕಾಲ ಕೇಳಿದ್ದರು. 2022ರ ಮಾರ್ಚ್‌ನಲ್ಲಿ ಪರಿಸರ ಸಚಿವಾಲಯ, ಹೊರಗಿನ ಡಿಎನ್‌ಎ ಉಳಿದಿರದ ಜೀನ್ ತಿದ್ದುಪಡಿ ಗಿಡಗಳಿಗೆ, ಜೀನ್ ಮಾರ್ಪಡಿಸಿದ ಜೀವಿಗಳ ಕುರಿತ 1989ರ ನಿಯಮಗಳ ಕೆಲವು ಕಟ್ಟುಪಾಡುಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಸರ್ಕಾರವೇ ಪ್ರಕಟಿಸಿತು. ಇದು ಸರಿಯಾದ ನಿರ್ಧಾರವೆಂದೇ ನಂಬಿದ್ದೇನೆ.

ಎಲ್ಲ ಬೇಡಿಕೆಗೂ ನನ್ನ ಮನಸ್ಸು ಒಪ್ಪುವುದಿಲ್ಲ. 2023ರಲ್ಲಿ ಜೀವವೈವಿಧ್ಯ ಕಾಯಿದೆಗೆ ತಿದ್ದುಪಡಿಯಾದಾಗ, ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೆ ಲಾಭ ಹಂಚಿಕೆಯಿಂದ, ಅಂದರೆ ಆ ಜ್ಞಾನ ಉಳಿಸಿಕೊಂಡು ಬಂದವರಿಗೆ ಲಾಭದಲ್ಲಿ ಪಾಲು ಕೊಡುವ ಹೊಣೆಯಿಂದ, ವಿನಾಯಿತಿ ಸಿಕ್ಕಿತು. ಆಟಿ ಅಮಾವಾಸ್ಯೆಯಂದು ನಸುಕಿನಲ್ಲೇ ಕಲ್ಲಿನಿಂದ ಜಜ್ಜಿ ಮದ್ದಿಗೆಂದು ಪಾಲೆ ಮರದ ತೊಗಟೆ ತೆಗೆಯುವ ನಮ್ಮ ಅಜ್ಜಿಯಂದಿರ ತಿಳಿವಳಿಕೆಯಲ್ಲಿ ಗ್ರಂಥದ್ದೆಷ್ಟು, ಬಾಯಿಮಾತಿನದೆಷ್ಟು? ಆ ಗೆರೆ ಎಳೆಯುವವರು ಯಾರು ಎಂಬುದು ನನಗೆ ಈಗಲೂ ಕಿರಿಕಿರಿ.

"ಸಂಬಳ ಕೊಡುವುದು ಯಾರು?" ಎಂದರು ಮಾವ. ಕಂಪನಿಗಳೇ ಎಂದೆ. ಪಾಯಸ ಬರುವವರೆಗೆ ಸುಮ್ಮನಿದ್ದರು. ಆಮೇಲೆ, "ಮುಂದಿನ ಕರಡು ಬಂದಾಗ ನಮಗೂ ಕನ್ನಡದಲ್ಲಿ ಎರಡು ಪುಟ ಬರೆದು ಕಳಿಸು. ಆಕ್ಷೇಪಣೆ ನಾವೂ ಹಾಕುತ್ತೇವೆ" ಎಂದರು.

ಒಪ್ಪಿದ್ದೇನೆ. ಕಚೇರಿಯಲ್ಲಿ ಇನ್ನೂ ಹೇಳಿಲ್ಲ.